ಮತ್ತಾಯ 18ನ್ನು ಎದುರಿಗಿಟ್ಟುಕೊಂಡು: ಒಂದು ವೇದಭಾಗವನ್ನು ಅಧ್ಯಯನ ಮಾಡುವ ಸಮಗ್ರ ಮಾರ್ಗದರ್ಶಿ

ಪ್ರಾರ್ಥನಾಕೂಟಕ್ಕೆ ಜನ ಕಡಿಮೆ ಬಂದ ದಿನ ತಪ್ಪದೆ ನೆನಪಾಗುವ ವಾಕ್ಯವೊಂದಿದೆ: ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಕೂಡಿರುತ್ತಾರೋ ಅಲ್ಲಿ ಅವರ ನಡುವೆ ನಾನಿದ್ದೇನೆ. ಮತ್ತಾಯ 18:20. ಖಾಲಿ ಕುರ್ಚಿಗಳ ಮುಂದೆ ಅದು ಧೈರ್ಯ ಕೊಡುತ್ತದೆ, ನಿಜ. ಆದರೆ ಅದೇ ಪುಸ್ತಕದ 6:6ರಲ್ಲಿ ಯೇಸು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬನೇ ಪ್ರಾರ್ಥಿಸು, ಮರೆಯಲ್ಲಿರುವ ತಂದೆ ನೋಡುತ್ತಾನೆ ಎಂದಿದ್ದಾನೆ. ಒಬ್ಬನಿದ್ದಾಗಲೂ ಜೊತೆಗಿರುವವನು ಇಬ್ಬರು ಮೂವರು ಸೇರಲಿ ಎಂದು ಕಾಯುವುದೇಕೆ? ಹಾಗಾದರೆ 18:20ರ ‘ಇಬ್ಬರು ಮೂವರು’ ಹಾಜರಿಯ ಲೆಕ್ಕವಾಗಿರಲಾರದು.

ಓದುವಾಗ ಹೀಗೆ ಎಲ್ಲೋ ಕಾಲು ಎಡವಿದರೆ ಅದನ್ನು ಒಳ್ಳೆಯ ಆರಂಭ ಎಂದೇ ತಿಳಿಯಿರಿ. ಇಲ್ಲಿ ಮತ್ತಾಯ 18:15-20ನ್ನು ಮೊದಲಿನಿಂದ ಕೊನೆಯವರೆಗೆ ಮಾದರಿಯಾಗಿ ಇಟ್ಟುಕೊಂಡು ಅಧ್ಯಯನದ ಕ್ರಮವನ್ನು ವಿವರಿಸಲಾಗಿದೆ. 20ಕ್ಕೆ ಮೊದಲು ಆ ಭಾಗ ಹೇಳುವುದು ಇಷ್ಟು: ಸಹೋದರ ತಪ್ಪು ಮಾಡಿದರೆ ನೀನೊಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಇನ್ನೊಬ್ಬ ಇಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು, ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಅನ್ಯನಂತೆ, ಸುಂಕದವನಂತೆ ಎಣಿಸು. ನೀವು ಭೂಮಿಯಲ್ಲಿ ಕಟ್ಟಿದ್ದು, ಬಿಚ್ಚಿದ್ದು ಪರಲೋಕದಲ್ಲೂ ಹಾಗೆಯೇ ಇರುವುದು, ನಿಮ್ಮಲ್ಲಿ ಇಬ್ಬರು ಒಮ್ಮನಸ್ಸಾಗಿ ಬೇಡಿದ್ದು ಆಗುವುದು. ಇದೇ ಕ್ರಮ ಪೌಲನ ಪತ್ರಿಕೆಗೂ ಕೀರ್ತನೆಗೂ ನಡೆಯುತ್ತದೆ, ಪ್ರತಿಯೊಂದಕ್ಕೂ ಕೊಡಬೇಕಾದ ಒತ್ತು ಮಾತ್ರ ಬದಲಾಗುತ್ತದೆ.

ಬೇಕಾದ ಸಾಮಾನು, ಬೇಕಾದ ಹೊತ್ತು

ಎರಡು ಅನುವಾದಗಳು ಸಾಕು. ಒಂದು ಮೂಲದ ಪದಕ್ಕೆ ಹತ್ತಿರ ನಿಲ್ಲುವಂಥದ್ದು, ಇನ್ನೊಂದು ಆಡುಮಾತಿಗೆ ಹತ್ತಿರದ್ದು. ಐದಾರು ಅನುವಾದಗಳನ್ನು ಒಟ್ಟಿಗೆ ಹರಡಿಕೊಂಡರೆ ಕೊನೆಗೆ ನಮಗೆ ಹಿತವಾದ ಮಾತು ಯಾವುದರಲ್ಲಿದೆಯೋ ಅದನ್ನೇ ಹೆಕ್ಕಿಕೊಳ್ಳುತ್ತೇವೆ. ಇವುಗಳ ಜೊತೆಗೆ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್, ಒಂದು ಕನ್‌ಕಾರ್ಡೆನ್ಸ್ (ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂಬ ಸೂಚಿ) ಅಥವಾ ಪದ ಹುಡುಕುವ ಆ್ಯಪ್, ಒಂದು ಬೈಬಲ್ ನಿಘಂಟು, ಒಂದು ವ್ಯಾಖ್ಯಾನ ಗ್ರಂಥ. ವ್ಯಾಖ್ಯಾನವನ್ನು ಮುಚ್ಚಿಯೇ ಇಡಿ, ಅದರ ಸರದಿ ಕೊನೆಯ ಹೊತ್ತಿಗೆ ಬರುತ್ತದೆ.

ಆರರಿಂದ ಹದಿನೈದು ವಚನಗಳ ಭಾಗಕ್ಕೆ ಮುಕ್ಕಾಲು ಗಂಟೆಯ ನಾಲ್ಕು ಬೈಠಕ್ ಇಟ್ಟುಕೊಳ್ಳಿ. ಮೊದಲ ಎರಡು ಬರೀ ನೋಡುವುದಕ್ಕೆ, ಮೂರನೆಯದು ಹಿನ್ನೆಲೆ ಮತ್ತು ಸಮಾನ ವಾಕ್ಯಗಳಿಗೆ, ನಾಲ್ಕನೆಯದು ವ್ಯಾಖ್ಯಾನ ಮತ್ತು ಅನ್ವಯಕ್ಕೆ. ಒಂದೇ ರಾತ್ರಿ ಮೂರು ಗಂಟೆ ಕೂರುವುದಕ್ಕಿಂತ ಇದು ಮೇಲು, ಏಕೆಂದರೆ ನಡುವಿನ ದಿನಗಳಲ್ಲಿ ವಾಕ್ಯ ತಲೆಯಲ್ಲಿ ತಿರುಗುತ್ತಿರುತ್ತದೆ.

ಕೂರುವ ಮೊದಲು ಪ್ರಾರ್ಥನೆ. ಕ್ರೈಸ್ತರಿಗೆ ಇದು ಔಪಚಾರಿಕ ಆರಂಭವಲ್ಲ. ಬರೆಸಿದ ಆತ್ಮನೇ ತಿಳಿಸಿಕೊಡಬೇಕು ಎಂಬ ನಂಬಿಕೆಯಿಂದ ಮಾಡುವ ಕೆಲಸ. ಆದರೆ ಪ್ರಾರ್ಥಿಸಿದ್ದೇವೆ, ಇನ್ನು ಹೊಳೆದದ್ದೆಲ್ಲ ಸರಿ ಎಂದುಕೊಳ್ಳುವುದು ಸೋಮಾರಿತನ. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಬೆರೋಯದವರು ಹೊಗಳಿಸಿಕೊಂಡದ್ದು ಪೌಲ ಹೇಳಿದ್ದನ್ನೂ ದಿನದಿನ ಶಾಸ್ತ್ರ ತೆಗೆದು ಪರೀಕ್ಷಿಸಿದ್ದಕ್ಕೆ.

1. ಭಾಗದ ಎಲ್ಲೆ ಗುರುತಿಸಿ

ಅಧ್ಯಾಯ, ವಚನಗಳ ಸಂಖ್ಯೆಗಳು ಮೂಲ ಬರಹಗಾರರು ಹಾಕಿದವಲ್ಲ. ಇಂದಿನ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ ಇಂಗ್ಲಿಷ್ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಹೆಸರಿಗೆ ಸೇರಿದ್ದು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು ಮುದ್ರಕ ರಾಬೆರ್ ಎಸ್ತಿಯೆನ್ 1551ರ ಗ್ರೀಕ್ ಆವೃತ್ತಿಯಲ್ಲಿ ಹಾಕಿದ. ಹುಡುಕಲು ಅನುಕೂಲವೇ, ಆದರೆ ಒಂದೊಂದು ವಚನವೂ ಸ್ವತಂತ್ರ ಗಾದೆ ಎಂಬ ಭ್ರಮೆಯನ್ನೂ ಅವು ಹುಟ್ಟಿಸುತ್ತವೆ. ಕೆಲವೆಡೆ ಅಧ್ಯಾಯದ ಗೆರೆ ಬಿದ್ದಿರುವುದೇ ತಪ್ಪು ಜಾಗದಲ್ಲಿ. ಯೆಶಾಯ 53 ಎಂದು ನಾವು ಕರೆಯುವ ಹಾಡು ನಿಜಕ್ಕೂ ಶುರುವಾಗುವುದು 52:13ರಲ್ಲಿ. 1 ಕೊರಿಂಥ 11:1 ಹಿಂದಿನ ಅಧ್ಯಾಯದ ಕೊನೆಯ ಮಾತು.

ಎಲ್ಲೆ ಹುಡುಕುವಾಗ ಸ್ಥಳ, ಸಮಯ, ಮಾತಾಡುವವರು, ವಿಷಯ ಎಲ್ಲಿ ಬದಲಾಗುತ್ತವೆ ನೋಡಿ. ಮತ್ತಾಯನಲ್ಲಿ ಇನ್ನೂ ಸುಲಭದ ಗುರುತಿದೆ. ‘ಯೇಸು ಈ ಮಾತುಗಳನ್ನು ಮುಗಿಸಿದ ಮೇಲೆ’ ಎಂಬ ಧಾಟಿಯ ವಾಕ್ಯ ಅವನ ಪುಸ್ತಕದಲ್ಲಿ ಐದು ಸಲ ಬರುತ್ತದೆ: 7:28, 11:1, 13:53, 19:1, 26:1. ಪ್ರತಿ ಸಲವೂ ಒಂದು ದೊಡ್ಡ ಉಪದೇಶಕ್ಕೆ ಅಲ್ಲಿ ತೆರೆ ಬೀಳುತ್ತದೆ. ಹಾಗಾಗಿ 18:1ರಲ್ಲಿ ಶಿಷ್ಯರು ಬಂದು ಪ್ರಶ್ನೆ ಕೇಳುವಲ್ಲಿಂದ 18:35ರವರೆಗೆ ಒಂದೇ ಉಪದೇಶ. ನಮ್ಮ 15-20 ಅದರ ಹೊಟ್ಟೆಯೊಳಗಿದೆ.

ಈಗ ಮೂವತ್ತೈದೂ ವಚನಗಳನ್ನು ಗಟ್ಟಿಯಾಗಿ, ನಿಲ್ಲಿಸದೆ ಓದಿ. ಹತ್ತು ನಿಮಿಷವೂ ಹಿಡಿಯದು. ಮೂರು ಸಲ ಓದಿ, ಮೂರನೆಯ ಸಲ ಇನ್ನೊಂದು ಅನುವಾದದಲ್ಲಿ. ಓದಿದ ಮೇಲೆ ಪುಸ್ತಕ ಮುಚ್ಚಿ ಉಪದೇಶದ ಹರಿವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಹೀಗೆ ಬರುತ್ತದೆ: ಯಾರು ದೊಡ್ಡವರು ಎಂದು ಶಿಷ್ಯರು ಕೇಳುತ್ತಾರೆ, ಯೇಸು ಮಗುವನ್ನು ನಡುವೆ ನಿಲ್ಲಿಸುತ್ತಾನೆ. ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನಿಗೆ ಬೀಸುವ ಕಲ್ಲಿನ ಎಚ್ಚರಿಕೆ. ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿ ಹೋಗುವವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ. ಆಮೇಲೆ ನಮ್ಮ ಭಾಗ, ತಪ್ಪು ಮಾಡಿದ ಸಹೋದರ. ಆಮೇಲೆ ಪೇತ್ರನ ಪ್ರಶ್ನೆ: ಎಷ್ಟು ಸಲ ಕ್ಷಮಿಸಬೇಕು? ಕೊನೆಗೆ ಕ್ಷಮೆ ಪಡೆದೂ ಕ್ಷಮಿಸದ ಆಳಿನ ಸಾಮ್ಯ.

ಅರ್ಧ ಅಧ್ಯಯನ ಇಲ್ಲೇ ಮುಗಿಯಿತು ಅನ್ನಬಹುದು. ಹುಡುಕಿ ಹೋಗುವ ಕುರುಬ ಒಂದು ಪಕ್ಕ, ಲೆಕ್ಕವಿಲ್ಲದ ಕ್ಷಮೆ ಇನ್ನೊಂದು ಪಕ್ಕ. ನಡುವೆ ಸಿಕ್ಕಿಕೊಂಡಿರುವ ‘ಸಭೆಗೆ ಹೇಳು, ಕೇಳದಿದ್ದರೆ ಅನ್ಯನಂತೆ ಎಣಿಸು’ ಎಂಬ ವಿಧಿಯನ್ನು ಶಿಸ್ತುಕ್ರಮದ ಕೈಪಿಡಿಯಂತೆ ಓದಲು ಇನ್ನು ಕಷ್ಟ.

2. ಕೈಯಲ್ಲಿ ನಕಲು ಮಾಡಿ, ಗುರುತು ಹಾಕಿ

ಆರು ವಚನಗಳನ್ನೂ ಕೈಬರಹದಲ್ಲಿ ಬರೆಯಿರಿ, ಒಂದು ಸಾಲಿಗೆ ಒಂದೇ ಕ್ರಿಯೆ ಬರುವಂತೆ. ಬೇಸರದ ಕೆಲಸ, ಆದರೆ ಕಣ್ಣು ಹಾರಿಸಿಬಿಡುವುದನ್ನು ಕೈ ಹಾರಿಸುವುದಿಲ್ಲ. ನಂತರ ಒಂದು ಬಣ್ಣದಲ್ಲಿ ಮರುಕಳಿಸುವ ಪದಗಳನ್ನು, ಇನ್ನೊಂದರಲ್ಲಿ ಜೋಡಿಸುವ ಪದಗಳನ್ನು (ಆದರೆ, ಹಾಗಾದರೆ, ಆದದರಿಂದ, ಯಾಕಂದರೆ) ಸುತ್ತಿ. ನಮ್ಮ ಭಾಗದಲ್ಲಿ ಕಾಣುವುದು ಇಷ್ಟು:

‘ಕೇಳು’ ಎಂಬ ಕ್ರಿಯೆ ನಾಲ್ಕು ಸಲ ಬರುತ್ತದೆ: ಅವನು ಕೇಳಿದರೆ, ಕೇಳದೆ ಹೋದರೆ, ಅವರ ಮಾತನ್ನೂ ಕೇಳದಿದ್ದರೆ, ಸಭೆಯ ಮಾತನ್ನೂ ಕೇಳದಿದ್ದರೆ. ಶಿಕ್ಷೆ ಎಂಬ ಪದ ಒಮ್ಮೆಯೂ ಇಲ್ಲ. ಗುರಿ 15ರಲ್ಲೇ ಹೇಳಿಯಾಗಿದೆ: ಸಹೋದರನನ್ನು ಸಂಪಾದಿಸಿಕೊಳ್ಳುವುದು.

ಸಂಖ್ಯೆಗಳು ಸಾಲಾಗಿ ಏರುತ್ತವೆ: ನೀನೊಬ್ಬನೇ, ಇನ್ನೊಬ್ಬ ಇಬ್ಬರನ್ನು ಕರೆದುಕೊಂಡು, ಇಡೀ ಸಭೆ. 16ರಲ್ಲಿ ‘ಇಬ್ಬರು ಮೂವರು ಸಾಕ್ಷಿಗಳು’, 19ರಲ್ಲಿ ‘ನಿಮ್ಮಲ್ಲಿ ಇಬ್ಬರು’, 20ರಲ್ಲಿ ‘ಇಬ್ಬರು ಮೂವರು’. ನಾವು ಎಡವಿದ ಕಲ್ಲು ಇದೇ. 20ರ ಇಬ್ಬರು ಮೂವರು ಬೇರೆ ಯಾರೋ ಅಲ್ಲ, 16ರಲ್ಲಿ ಬಾಗಿಲು ತಟ್ಟಲು ಹೊರಟವರೇ ಇರಬಹುದು.

ಮೂರನೆಯದು ‘ನೀನು’, ‘ನೀವು’. 15ರಿಂದ 17ರವರೆಗೆ ಗ್ರೀಕಿನಲ್ಲಿ ಏಕವಚನ: ನಿನ್ನ ಸಹೋದರ, ನೀನು ಹೋಗು. 18ರಲ್ಲಿ ಥಟ್ಟನೆ ಬಹುವಚನ: ನೀವು ಕಟ್ಟಿದ್ದು, ನೀವು ಬಿಚ್ಚಿದ್ದು. ಇಂಗ್ಲಿಷಿನಲ್ಲಿ ಓದುವವರಿಗೆ ಈ ತಿರುವು ಕಾಣುವುದೇ ಇಲ್ಲ, ಕನ್ನಡದವರಿಗೆ ಪುಕ್ಕಟೆ ಸಿಗುತ್ತದೆ. ಆದರೆ ನಮಗೆ ನಮ್ಮದೇ ಗುಂಡಿಯಿದೆ: ಒಬ್ಬರಿಗೂ ಗೌರವದಿಂದ ‘ನೀವು’ ಅನ್ನುತ್ತೇವಲ್ಲ, 1 ಕೊರಿಂಥ 3:16ರ ‘ನೀವು ದೇವರ ಆಲಯ’ ಎಂಬುದನ್ನು ಒಬ್ಬ ವ್ಯಕ್ತಿಗೆ ಹೇಳಿದ್ದೆಂದು ಓದಿಬಿಡುತ್ತೇವೆ. ಅದು ಇಡೀ ಸಭೆಗೆ ಹೇಳಿದ ಬಹುವಚನ. ದೇವರನ್ನೂ ‘ನೀನು’ ಎಂದೇ ಕರೆಯುವ ಹಳೆಯ ಅನುವಾದದಲ್ಲಿ ‘ನೀವು’ ಕಂಡರೆ ಬಹುವಚನವೆಂದು ನಂಬಬಹುದು. ಗೌರವಕ್ಕೆ ‘ನೀವು’ ಬಳಸುವ ಅನುವಾದದಲ್ಲಿ ಈ ಭರವಸೆ ಇಲ್ಲ.

ಕನ್ನಡ ವಾಕ್ಯದ ಕಟ್ಟು ಇನ್ನೊಂದು ಕಡೆಯೂ ಕೈಕೊಡುತ್ತದೆ. ನಮ್ಮಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ ದೀರ್ಘ ಗ್ರೀಕ್ ವಾಕ್ಯಗಳನ್ನು ಅನುವಾದಕರು ತುಂಡರಿಸಲೇಬೇಕಾಗುತ್ತದೆ. ತುಂಡರಿಸಿದಾಗ ಎಲ್ಲ ಕ್ರಿಯೆಗಳೂ ಸಮತೂಕದ ಆಜ್ಞೆಗಳಂತೆ ಕೇಳಿಸುತ್ತವೆ. ಮತ್ತಾಯ 28:19-20ರಲ್ಲಿ ಮುಖ್ಯ ಆಜ್ಞೆ ಒಂದೇ, ‘ಶಿಷ್ಯರನ್ನಾಗಿ ಮಾಡಿರಿ’. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಕಲಿಸುವುದು ಅದರ ಸುತ್ತ ನಿಲ್ಲುವ ಕ್ರಿಯೆಗಳು. ಎಫೆಸ 1:3-14 ಗ್ರೀಕಿನಲ್ಲಿ ಒಂದೇ ವಾಕ್ಯ. ಪತ್ರಿಕೆಗಳನ್ನು ಓದುವಾಗ ಪದಕ್ಕೆ ಹತ್ತಿರದ ಅನುವಾದ ಬೇಕೆನ್ನುವುದು ಇದಕ್ಕೇ.

ಈ ಹಂತದಲ್ಲಿ ಕನಿಷ್ಠ ಇಪ್ಪತ್ತು ಗಮನಗಳನ್ನು ಬರೆಯದೆ ಮೇಲೇಳಬೇಡಿ. ಮೊದಲ ಎಂಟು ಎಲ್ಲರಿಗೂ ಕಾಣುವಂಥವು. ಹದಿನೈದು ದಾಟಿದ ಮೇಲೆ ಪಠ್ಯ ಬಾಯಿಬಿಡುತ್ತದೆ.

3. ಅಡಿಟಿಪ್ಪಣಿ ಓದಿ

ಅಧ್ಯಾಯ 18ನ್ನು ಎರಡು ಅನುವಾದಗಳಲ್ಲಿ ಹೋಲಿಸಿದವರಿಗೆ 11ನೆಯ ವಚನ ಒಂದರಲ್ಲಿ ಕಾಣೆಯಾಗಿರಬಹುದು, ಇಲ್ಲವೇ ಕಂಸದೊಳಗೆ ಇರಬಹುದು. ಯಾರೂ ಕದ್ದಿಲ್ಲ. 4ನೇ ಶತಮಾನದ ಸೈನಾಟಿಕಸ್, ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಆ ವಚನ ಇಲ್ಲ, ನಂತರದ ಪ್ರತಿಗಳಲ್ಲಿದೆ, ಲೂಕ 19:10ರಿಂದ ಇಲ್ಲಿಗೆ ಬಂದಿರಬೇಕೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಭಾಗದಲ್ಲೇ, 15ರ ‘ನಿನಗೆ ವಿರೋಧವಾಗಿ ತಪ್ಪು ಮಾಡಿದರೆ’ ಎಂಬಲ್ಲಿ ‘ನಿನಗೆ ವಿರೋಧವಾಗಿ’ ಎಂಬ ಮಾತು ಅದೇ ಎರಡು ಪ್ರತಿಗಳಲ್ಲಿಲ್ಲ. ಅದನ್ನು ಇಟ್ಟುಕೊಂಡರೆ ಇದು ಇಬ್ಬರ ನಡುವಿನ ಮನಸ್ತಾಪದ ಮಾತು. ಬಿಟ್ಟರೆ ದಾರಿ ತಪ್ಪಿದ ಯಾವ ಸಹೋದರನಿಗೂ ಅನ್ವಯಿಸುವ ಮಾತು, ಅಂದರೆ ಹಿಂದಿನ ಕುರಿಯ ಸಾಮ್ಯಕ್ಕೆ ಇನ್ನೂ ಹತ್ತಿರ. 21ರಲ್ಲಿ ಪೇತ್ರ ‘ನನಗೆ ತಪ್ಪು ಮಾಡಿದರೆ’ ಎಂದು ಕೇಳುವುದು ಎರಡೂ ವಾದಗಳಿಗೆ ಒದಗುತ್ತದೆ. ತೀರ್ಮಾನ ಆಗದಿದ್ದರೆ ಎರಡನ್ನೂ ಬರೆದಿಟ್ಟು ಮುಂದೆ ಹೋಗಿ.

ಇಂಥ ದೊಡ್ಡ ಭಾಗಗಳು ಹೊಸ ಒಡಂಬಡಿಕೆಯಲ್ಲಿ ಎರಡೇ: ಮಾರ್ಕ 16:9-20 ಮತ್ತು ಯೋಹಾನ 7:53-8:11. ಉಳಿದವು ಬಹುಪಾಲು ಒಂದೆರಡು ಪದಗಳ ವ್ಯತ್ಯಾಸ.

4. ಬರವಣಿಗೆಯ ಜಾತಿ ಯಾವುದು?

ಪತ್ರವನ್ನು ಪತ್ರದಂತೆ, ಹಾಡನ್ನು ಹಾಡಿನಂತೆ ಓದಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಓದುವಾಗ ಮರೆಯುತ್ತಾರೆ. ಇಬ್ರಿಯ ಕಾವ್ಯದಲ್ಲಿ ಎರಡನೆಯ ಸಾಲು ಮೊದಲನೆಯದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ, ಇಲ್ಲವೇ ಎದುರು ಹೇಳುತ್ತದೆ. ಕೀರ್ತನೆ 119:105ರ ಕಾಲಿನ ದೀಪ, ದಾರಿಯ ಬೆಳಕು ಎರಡು ಬೇರೆ ಸತ್ಯಗಳಲ್ಲ. ಜ್ಞಾನೋಕ್ತಿ 26:4 ಮೂಢನಿಗೆ ಉತ್ತರ ಕೊಡಬೇಡ ಅನ್ನುತ್ತದೆ, 26:5 ಕೊಡು ಅನ್ನುತ್ತದೆ. ವಿರೋಧಾಭಾಸವಲ್ಲ, ಗಾದೆಯ ಸ್ವಭಾವವೇ ಅದು: ಯಾವ ಹೊತ್ತಿಗೆ ಯಾವುದು ಎಂದು ಅರಿಯುವುದೇ ಜ್ಞಾನ. ಗಾದೆಯನ್ನು ವಾಗ್ದಾನವೆಂದು ಹಿಡಿದವರು ಮಕ್ಕಳು ದಾರಿ ತಪ್ಪಿದಾಗ, ನಡೆಯಬೇಕಾದ ದಾರಿಯಲ್ಲಿ ಬೆಳೆಸಿದ ಮಗು ಮುಪ್ಪಿನಲ್ಲೂ ಅದನ್ನು ಬಿಡದು ಎನ್ನುವ 22:6ನ್ನು ಹಿಡಿದುಕೊಂಡು ಸುಮ್ಮನೆ ನರಳುತ್ತಾರೆ.

ಕಥನದಲ್ಲಿ ಆಗುವ ತಪ್ಪು ಬೇರೆ. ನಡೆದದ್ದನ್ನು ಹೇಳಿದ ಮಾತ್ರಕ್ಕೆ ಹಾಗೇ ನಡೆಯಿರಿ ಎಂದು ಹೇಳಿದಂತಲ್ಲ. ನ್ಯಾಯಸ್ಥಾಪಕರು 6ರಲ್ಲಿ ಗಿದ್ಯೋನ ಉಣ್ಣೆ ಹರಡಿ ಗುರುತು ಕೇಳುತ್ತಾನೆ. ದೇವರ ಚಿತ್ತ ತಿಳಿಯುವ ವಿಧಾನವೆಂದು ಇದನ್ನು ಬೋಧಿಸುವವರಿದ್ದಾರೆ. ಆದರೆ 14ರಿಂದ 16ರಲ್ಲೇ ಅವನಿಗೆ ಸ್ಪಷ್ಟ ಮಾತು ಸಿಕ್ಕಿತ್ತು. ಉಣ್ಣೆ ಅವನ ಹಿಂಜರಿಕೆಯ ಗುರುತು, ದೇವರ ತಾಳ್ಮೆಯ ಗುರುತು, ನಮಗೆ ಕೊಟ್ಟ ಪದ್ಧತಿಯಲ್ಲ.

ಮತ್ತಾಯ 18 ಒಂದರಲ್ಲೇ ಮೂರು ಜಾತಿಗಳಿವೆ. ಕೈ ಕಡಿದು ಬಿಸಾಡು ಎಂಬ 8-9 ಬೇಕೆಂದೇ ಮಾಡಿದ ಅತಿಶಯೋಕ್ತಿ. ಕುರಿ ಮತ್ತು ಆಳು, ಸಾಮ್ಯಗಳು. 15-17 ಹೆಜ್ಜೆಹೆಜ್ಜೆಯ ನೇರ ಸೂಚನೆ. ಸಾಮ್ಯದಲ್ಲಿ ಪ್ರತಿ ವಸ್ತುವಿಗೂ ಗುಪ್ತಾರ್ಥ ಹಚ್ಚುವ ಚಪಲವನ್ನು ಹಿಡಿತದಲ್ಲಿಡಿ. ಆದಿಸಭೆಯ ಹೆಸರಾಂತ ಬಿಷಪ್ ಆಗಸ್ಟೀನನಂಥವನೇ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಗಾಯಗೊಂಡವನನ್ನು ಆದಾಮನೆಂದೂ ಛತ್ರವನ್ನು ಸಭೆಯೆಂದೂ ಛತ್ರದವನನ್ನು ಪೌಲನೆಂದೂ ಓದಿದ. ಭಕ್ತಿಗೆ ಕೊರತೆಯಿಲ್ಲ, ಆದರೆ ‘ನನ್ನ ನೆರೆಯವನು ಯಾರು’ ಎಂಬ ಪ್ರಶ್ನೆ ಎಲ್ಲೋ ಹಿಂದೆ ಉಳಿಯಿತು.

5. ಹಿನ್ನೆಲೆ: ತಂದುಕೊಳ್ಳಿ, ಹೇರಬೇಡಿ

ಬೈಬಲ್ ನಿಘಂಟು ತೆರೆಯುವುದು ಈಗ. ನೀವು ಬರೆದ ಪಟ್ಟಿಯಲ್ಲಿ ಅರ್ಥವಾಗದ ವಸ್ತು, ಹುದ್ದೆ, ಹಣ, ಊರು ಯಾವುವು ಎಂದು ನೋಡಿ, ಅವನ್ನು ಮಾತ್ರ ಹುಡುಕಿ.

ಹಣವನ್ನೇ ತೆಗೆದುಕೊಳ್ಳಿ. 18:24ರ ಸಾಲ ಹತ್ತು ಸಾವಿರ ತಲಾಂತು, 18:28ರದ್ದು ನೂರು ದಿನಾರಿ. ದಿನಾರಿ ಅಂದರೆ ಕೂಲಿಯಾಳಿನ ಒಂದು ದಿನದ ಕೂಲಿ, ಮತ್ತಾಯ 20:2ರಲ್ಲೇ ಅದು ಗೊತ್ತಾಗುತ್ತದೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಗುಣಿಸಿದರೆ ಮೊದಲ ಸಾಲ 6 ಕೋಟಿ ದಿನಗೂಲಿ, ಎರಡನೆಯದು 100. ಆರು ಲಕ್ಷ ಪಟ್ಟು ಅಂತರ. ‘ತಾಳ್ಮೆಯಿಂದಿರು, ಎಲ್ಲಾ ತೀರಿಸುತ್ತೇನೆ’ ಎಂದು ಆ ಆಳು ಹೇಳುವುದು ಆಗ ನಗೆಯ ಮಾತಾಗಿ ಕೇಳಿಸುತ್ತದೆ, ಕೇಳಿಸಬೇಕಾದದ್ದೂ ಹಾಗೆಯೇ.

ಹಿನ್ನೆಲೆ ಕೆಲವೊಮ್ಮೆ ಅರ್ಥವನ್ನೇ ತಿರುಗಿಸುತ್ತದೆ. ಪ್ರಕಟನೆ 3:15-16ರಲ್ಲಿ ಲವೊದಿಕೀಯದವರು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಬಿಸಿಯೆಂದರೆ ಉತ್ಸಾಹ, ತಣ್ಣಗೆಂದರೆ ಅವಿಶ್ವಾಸ ಎಂದು ಓದಿದರೆ, ದೇವರು ಅವಿಶ್ವಾಸವನ್ನೂ ಮೆಚ್ಚುತ್ತಾನೆಂಬ ವಿಚಿತ್ರಕ್ಕೆ ಬಂದು ನಿಲ್ಲುತ್ತೇವೆ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಕೊಲೊಸ್ಸೆಯಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ನೀರು ಕಾಲುವೆಯಲ್ಲಿ ದೂರದಿಂದ ಬರುತ್ತಿತ್ತು. ಬಿಸಿಯೂ ಉಪಯೋಗ, ತಂಪೂ ಉಪಯೋಗ, ಉಗುರುಬೆಚ್ಚಗಿನದು ಯಾತಕ್ಕೂ ಬಾರದು ಎಂದು ಇಂದು ಅನೇಕ ವ್ಯಾಖ್ಯಾನಕಾರರು ಓದುವುದು ಇದರಿಂದ.

ಆದರೆ ಪ್ರಸಂಗದಿಂದ ಪ್ರಸಂಗಕ್ಕೆ ಹರಿದುಬರುವ ಹಿನ್ನೆಲೆಗಳಲ್ಲಿ ಜಳ್ಳೂ ಬಹಳ. ಯೆರೂಸಲೇಮಿನಲ್ಲಿ ‘ಸೂಜಿಯ ಕಣ್ಣು’ ಎಂಬ ಚಿಕ್ಕ ಬಾಗಿಲಿತ್ತು, ಒಂಟೆ ಮಂಡಿಯೂರಿದರೆ ಅದರಲ್ಲಿ ನುಸುಳುತ್ತಿತ್ತು ಎಂಬ ವಿವರಣೆ ಕೇಳಿರುತ್ತೀರಿ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಎನ್ನಲು ಆಧಾರವಿಲ್ಲ. ಮೇಲಾಗಿ ಅದು, ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಸುಳುವುದು ಸುಲಭ ಎನ್ನುವ ಮತ್ತಾಯ 19:24ರ ಮೊನೆಯನ್ನೇ ಮುರಿಯುತ್ತದೆ. ಮನುಷ್ಯರಿಗೆ ಇದು ಅಸಾಧ್ಯ ಎಂದು ಯೇಸುವೇ 26ರಲ್ಲಿ ಹೇಳುತ್ತಾನಲ್ಲ. ಕಠಿಣ ಮಾತನ್ನು ಮೆತ್ತಗೆ ಮಾಡುವ ಹಿನ್ನೆಲೆ ಸಿಕ್ಕಾಗ ಎರಡು ಸಲ ಅನುಮಾನಿಸಿ.

6. ಪದಗಳು

ಇಡೀ ಭಾಗಕ್ಕೆ ಎರಡು ಮೂರು ಪದಗಳನ್ನಷ್ಟೇ ಆರಿಸಿ. ಆಯ್ಕೆಗೆ ಅಳತೆಗೋಲು: ಆ ಪದದ ಅರ್ಥ ಬದಲಾದರೆ ಭಾಗದ ಅರ್ಥ ಬದಲಾಗಬೇಕು. ನಮ್ಮಲ್ಲಿ ‘ಸಭೆ’ ಮತ್ತು ‘ಕಟ್ಟು, ಬಿಚ್ಚು’.

ಕನ್‌ಕಾರ್ಡೆನ್ಸಿನಲ್ಲಿ ‘ಸಭೆ’ಗೆ ಇರುವ ಗ್ರೀಕ್ ಪದ ‘ಎಕ್ಲೇಸಿಯ’ ಹುಡುಕಿದರೆ, ನಾಲ್ಕು ಸುವಾರ್ತೆಗಳಲ್ಲಿ ಅದು ಬರುವುದು ಎರಡೇ ವಚನಗಳಲ್ಲಿ: ಮತ್ತಾಯ 16:18 ಮತ್ತು 18:17. ಎರಡೂ ಕಡೆ ಮುಂದಿನ ಮಾತೇ ಕಟ್ಟುವುದು, ಬಿಚ್ಚುವುದು. ಯೆಹೂದಿ ಗುರುಗಳ ಬಳಕೆಯಲ್ಲಿ ಈ ಜೋಡಿಪದಕ್ಕೆ ನಿಷೇಧಿಸುವುದು, ಅನುಮತಿಸುವುದು ಎಂಬ ಅರ್ಥವಿತ್ತು. ಇಲ್ಲಿ ವಿಷಯ ಒಬ್ಬ ಸಹೋದರನ ತಪ್ಪು. ದೆವ್ವಗಳನ್ನು ಕಟ್ಟುವ ಪ್ರಾರ್ಥನೆಗೆ 18:18ನ್ನು ಆಧಾರವಾಗಿ ಎತ್ತುವವರು ಈ ಸುತ್ತಲಿನ ಮಾತನ್ನು ದಾಟಿಯೇ ಹೋಗಿರುತ್ತಾರೆ.

ಪದಾಧ್ಯಯನದಲ್ಲಿ ಎರಡು ಕಡೆ ಜಾರುವುದು ಖಚಿತ. ಒಂದು, ಹುಟ್ಟಿದ ಬೇರಿನಿಂದ ಅಥವಾ ಮುಂದೆ ಹುಟ್ಟಿದ ಪದದಿಂದ ಅರ್ಥ ಹಿಂಡುವುದು. ಶಕ್ತಿ ಎಂಬ ಅರ್ಥದ ಗ್ರೀಕ್ ಪದ ‘ದುನಾಮಿಸ್’ ಎಂಬುದರಿಂದ ಡೈನಮೈಟ್ ಬಂತು, ಹಾಗಾಗಿ ಸುವಾರ್ತೆ ಸಿಡಿಮದ್ದು ಎಂಬ ಪ್ರಸಂಗ ಎಲ್ಲೆಡೆ ಕೇಳುತ್ತದೆ. ಡೈನಮೈಟಿಗೆ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದದ್ದು 1867ರಲ್ಲಿ. ಪೌಲನಿಗೆ ಅದರ ಸುಳಿವೂ ಇರಲಿಲ್ಲ. ಎರಡು, ಒಂದು ಪದಕ್ಕೆ ಒಂದೇ ಭಾರವಾದ ಅರ್ಥ ಅಂಟಿಸುವುದು. ‘ಅಗಾಪೆ’ ಯಾವಾಗಲೂ ದೈವಿಕ ಪ್ರೀತಿ, ‘ಫಿಲಿಯ’ ಬರೀ ಸ್ನೇಹ ಎನ್ನುತ್ತಾರೆ. ತಂದೆ ಮಗನನ್ನು ಪ್ರೀತಿಸುತ್ತಾನೆ ಎಂಬ ಒಂದೇ ಮಾತಿಗೆ ಯೋಹಾನ 3:35ರಲ್ಲಿ ಮೊದಲ ಪದದ ಕ್ರಿಯಾರೂಪ, 5:20ರಲ್ಲಿ ಎರಡನೆಯದರ ಕ್ರಿಯಾರೂಪ ಬಂದಿದೆ. 2 ತಿಮೊಥೆ 4:10ರಲ್ಲಿ ದೇಮನು ಲೋಕವನ್ನು ಪ್ರೀತಿಸಿ ಬಿಟ್ಟುಹೋದದ್ದಕ್ಕೂ ‘ಅಗಾಪೆ’ಯ ಕ್ರಿಯಾಪದವೇ. ಪದದ ಅರ್ಥವನ್ನು ವಾಕ್ಯ ನಿರ್ಧರಿಸುತ್ತದೆ, ನಿಘಂಟಿನ ಸಂಖ್ಯೆಯಲ್ಲ.

7. ಶಾಸ್ತ್ರದಿಂದ ಶಾಸ್ತ್ರಕ್ಕೆ

ಅಸ್ಪಷ್ಟವಾದದ್ದನ್ನು ಸ್ಪಷ್ಟವಾದ ಭಾಗಗಳ ಬೆಳಕಿನಲ್ಲಿ ಓದು ಎಂಬುದು ಆಗಸ್ಟೀನನ ಕಾಲದಿಂದ ಬಂದ ನಿಯಮ. 1646ರಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟೆಂಟರು ಸಿದ್ಧಪಡಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೂ ಶಾಸ್ತ್ರಕ್ಕೆ ಶಾಸ್ತ್ರವೇ ತಪ್ಪದ ವ್ಯಾಖ್ಯಾನ ಎಂದು ಮೊದಲ ಅಧ್ಯಾಯದಲ್ಲೇ ಹೇಳುತ್ತದೆ. ಆದರೆ ಹೋಲಿಸುವ ಕ್ರಮ ತಲೆಕೆಳಗಾದರೆ ಇದೇ ನಿಯಮ ಗೊಂದಲಕ್ಕೆ ದಾರಿ. ಮೊದಲು ಅದೇ ಪುಸ್ತಕ, ನಂತರ ಅದೇ ಬರಹಗಾರನ ಇತರ ಪುಸ್ತಕಗಳು, ಆಮೇಲೆ ಅವನು ಉದ್ಧರಿಸಿದ ಹಳೆಯ ಒಡಂಬಡಿಕೆಯ ಭಾಗ, ಕೊನೆಗೆ ಉಳಿದದ್ದು.

ಮತ್ತಾಯನೊಳಗೆ ಹುಡುಕಿದರೆ 20ರ ‘ನಾನಿದ್ದೇನೆ’ ಎಂಬುದಕ್ಕೆ ಎರಡು ಕಂಬಗಳು ಸಿಗುತ್ತವೆ: 1:23ರಲ್ಲಿ ಇಮ್ಮಾನುವೇಲ್, ದೇವರು ನಮ್ಮ ಕೂಡ ಇದ್ದಾನೆ, 28:20ರಲ್ಲಿ ಯುಗದ ಸಮಾಪ್ತಿಯವರೆಗೂ ನಾನು ನಿಮ್ಮ ಸಂಗಡ ಇರುತ್ತೇನೆ. ಪುಸ್ತಕದ ಆರಂಭ, ಕೊನೆಗಳ ನಡುವೆ 18:20 ಮೂರನೆಯ ಕಂಬ. 17ರ ‘ಸುಂಕದವನಂತೆ ಎಣಿಸು’ (ಸುಂಕದವನೆಂದರೆ ಜನ ಕೀಳಾಗಿ ಕಾಣುತ್ತಿದ್ದ ತೆರಿಗೆ ವಸೂಲಿಗಾರ) ಎಂಬುದಕ್ಕೆ 9:9-13 ನೋಡಿ. ಸುಂಕದವರೊಂದಿಗೆ ಯೇಸು ನಡೆದುಕೊಂಡ ರೀತಿ ಅವರ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದು. ಈ ಮಾತನ್ನು ಬರೆದವನೆಂದು ಪರಂಪರೆ ಹೇಳುವ ಮತ್ತಾಯನೇ ಸುಂಕದವನು! ‘ಎಣಿಸು’ ಎಂದರೆ ಹೊರಗಿಡುವುದೂ ಹೌದು, ಮತ್ತೆ ಗೆಲ್ಲಬೇಕಾದವನೆಂದು ಕಾಣುವುದೂ ಹೌದು.

ಹಳೆಯ ಒಡಂಬಡಿಕೆಗೆ ಹೋದರೆ 16ರ ಸಾಕ್ಷಿಗಳು ಧರ್ಮೋಪದೇಶಕಾಂಡ 19:15ರಿಂದ ಬಂದವರು. ಅಲ್ಲಿನ ವಿಧಿ ಒಬ್ಬನೇ ಹೇಳಿದ ದೂರಿನಿಂದ ಆರೋಪಿಯನ್ನು ಕಾಪಾಡುವುದಕ್ಕೆ. 15ರ ಹಿಂದೆ ಯಾಜಕಕಾಂಡ 19:17 ಇದೆ: ಹಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ, ನೆರೆಯವನನ್ನು ಗದರಿಸು. ಅದರ ಮರುವಚನವೇ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಪ್ರಸಿದ್ಧ ಮಾತು. ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಗೆ 22ರಲ್ಲಿ ಯೇಸು ಕೊಟ್ಟ ಎಪ್ಪತ್ತೇಳರ ಲೆಕ್ಕ (ಎಪ್ಪತ್ತರ ಏಳರಷ್ಟು ಎಂದೂ ಅನುವಾದಿಸುತ್ತಾರೆ) ಆದಿಕಾಂಡ 4:24ರಲ್ಲಿ ಲೆಮೆಕ ಸೇಡಿಗೆ ಹಾಕಿದ ಲೆಕ್ಕವೇ, ಗ್ರೀಕ್ ಅನುವಾದದಲ್ಲಿ ಪದವೂ ಅದೇ. ಯೇಸು ಸೇಡಿನ ಕೋಷ್ಟಕವನ್ನು ಕ್ಷಮೆಗೆ ತಿರುಗಿಸಿಬಿಡುತ್ತಾನೆ.

ಉದ್ಧರಣೆ ಕಂಡಾಗ ಮೂಲದ ಇಡೀ ಅಧ್ಯಾಯ ಓದಿ. ಕೆಲವು ಕಡೆ ತಬ್ಬಿಬ್ಬಾಗುತ್ತೀರಿ. ಮತ್ತಾಯ 2:15 ಉದ್ಧರಿಸುವ ಹೋಶೇಯ 11:1 ಭವಿಷ್ಯದ ಮಾತೇ ಅಲ್ಲ, ಐಗುಪ್ತದಿಂದ ಇಸ್ರಾಯೇಲ್ ಹೊರಬಂದ ಹಳೆಯ ನೆನಪು. ಮತ್ತಾಯ ಅದನ್ನು ಮುಂಗಣ್ಣೋಟವೆಂದು ಅಲ್ಲ, ನಮೂನೆಯೆಂದು ಓದುತ್ತಾನೆ: ಇಸ್ರಾಯೇಲ್ ಎಂಬ ಮಗ ನಡೆದ ದಾರಿಯನ್ನು ಯೇಸು ಮತ್ತೆ ನಡೆಯುತ್ತಾನೆ. ಹಳೆಯ ಒಡಂಬಡಿಕೆಯನ್ನು ಕ್ರಿಸ್ತನ ಕಡೆಗೆ ಓದುವುದನ್ನು ಲೂಕ 24:27ರಿಂದ ಕ್ರೈಸ್ತರು ಕಲಿತರು. ಆದರೆ ಗುಡಾರದ ಪ್ರತಿ ಗೂಟಕ್ಕೂ ಕ್ರಿಸ್ತನ ಹೆಸರು ಕಟ್ಟುವ ಮುನ್ನ, ಆ ಮಾತು ಮೊದಲು ಕೇಳಿದವರಿಗೆ ಏನಾಗಿತ್ತು ಎಂದು ಒಂದು ಸಾಲು ಬರೆದಿರಬೇಕು.

8. ಈಗ ವ್ಯಾಖ್ಯಾನ, ಈಗ ಸಭೆ

ಇಷ್ಟಾದ ಮೇಲೆ ವ್ಯಾಖ್ಯಾನ ಗ್ರಂಥ ತೆರೆಯಿರಿ. ಮೊದಲೇ ತೆರೆದಿದ್ದರೆ ಅದರ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದಿರಿ. ನಿಮ್ಮ ಓದು ಅದರಲ್ಲಿ ಎಲ್ಲೂ ಇಲ್ಲದಿದ್ದರೆ, ಎರಡು ಸಾವಿರ ವರ್ಷಗಳಲ್ಲಿ ಯಾರಿಗೂ ಕಾಣದ್ದು ನಿಮಗೆ ಕಂಡಿದೆ ಎಂಬುದಕ್ಕಿಂತ ನೀವು ತಪ್ಪಿರುವ ಸಾಧ್ಯತೆ ಹೆಚ್ಚು.

ನಮ್ಮ ವಚನದ ಬಗ್ಗೆ 3ನೇ ಶತಮಾನದಲ್ಲೇ ಜಗಳವಾಗಿತ್ತು. ಸಭೆಯಿಂದ ಬೇರೆಯಾಗಿ ಹೋದವರು ‘ಇಬ್ಬರು ಮೂವರು ಸಾಕು’ ಎಂದು ಇದನ್ನೇ ಎತ್ತುತ್ತಿದ್ದರು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಸಭೆಯ ಐಕ್ಯದ ಕುರಿತ ತನ್ನ ಬರಹದಲ್ಲಿ, ಇವರು ಕೊನೆಯ ಮಾತನ್ನು ಹಿಡಿದು ಮೇಲಿನದನ್ನು ಬಿಟ್ಟುಬಿಡುತ್ತಾರೆ, ಯೇಸು ಒಮ್ಮನಸ್ಸನ್ನು ಮೊದಲು ಹೇಳಿದ ಎಂದು ದೂರುತ್ತಾನೆ. ಸಂದರ್ಭ ಬಿಟ್ಟು ವಚನ ಕೀಳುವ ಚಾಳಿ ಎಷ್ಟು ಹಳೆಯದು ನೋಡಿ. ಯೆಹೂದಿ ಗುರುಗಳ ಬೋಧನೆಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲೂ ಇದಕ್ಕೆ ಹತ್ತಿರದ ಮಾತಿದೆ: ಇಬ್ಬರು ಕೂತು ಧರ್ಮಶಾಸ್ತ್ರದ ಮಾತಾಡಿದರೆ ದೇವಸಾನ್ನಿಧ್ಯ ಅವರ ನಡುವೆ ಇರುತ್ತದೆ.

ಯಾವ ಅಧಿಕಾರದ ಕೆಳಗೆ ವ್ಯಾಖ್ಯಾನಿಸಬೇಕು ಎಂಬಲ್ಲಿ ಸಭೆಗಳು ನಿಜಕ್ಕೂ ಬೇರೆಯಾಗುತ್ತವೆ. ಪುಸ್ತಕಗಳ ಸಂಖ್ಯೆಯೇ ಒಂದಲ್ಲ: ಪ್ರೊಟೆಸ್ಟೆಂಟರಿಗೆ 66, ಕಥೋಲಿಕರಿಗೆ 73, ಆರ್ಥೊಡಾಕ್ಸರಿಗೆ ಇನ್ನೂ ಕೆಲವು. ಕಥೋಲಿಕ ಧರ್ಮಸಭೆ 1965ರ ‘ದೇಯಿ ವೆರ್ಬುಮ್’ ದಾಖಲೆಯಲ್ಲಿ ಬರಹಗಾರನ ಉದ್ದೇಶ, ಸಾಹಿತ್ಯ ಪ್ರಕಾರ ನೋಡಬೇಕೆಂದು ಹೇಳಿ, ಜೊತೆಗೆ ಇಡೀ ಶಾಸ್ತ್ರದ ಐಕ್ಯ, ಸಭೆಯ ಜೀವಂತ ಪರಂಪರೆ, ವಿಶ್ವಾಸದ ಹೊಂದಾಣಿಕೆ ಎಂಬ ಮೂರು ಅಳತೆಗಳನ್ನು ಇಡುತ್ತದೆ. ಆರ್ಥೊಡಾಕ್ಸರು ಪಿತೃಗಳ ವ್ಯಾಖ್ಯಾನ ಮತ್ತು ಆರಾಧನೆಯೊಳಗಿನ ಓದಿಗೆ ಒತ್ತು ಕೊಡುತ್ತಾರೆ. ಸುಧಾರಣೆಯ ಸಭೆಗಳಿಗೆ ಶಾಸ್ತ್ರವೇ ಕೊನೆಯ ತೀರ್ಪು, ಪರಂಪರೆ ಗೌರವದ ಸಲಹೆಗಾರ. ಮಧ್ಯಯುಗದವರು ನಾಲ್ಕು ಅರ್ಥಗಳನ್ನು ಹುಡುಕುತ್ತಿದ್ದರು. ಅವರಿಗಿಂತ ಮೊದಲಿನ ಸನ್ಯಾಸಿ ಜಾನ್ ಕ್ಯಾಸಿಯನ್ ಕೊಟ್ಟ ಉದಾಹರಣೆಯಂತೆ ಯೆರೂಸಲೇಮ್ ಅಂದರೆ ಊರು, ಸಭೆ, ಮನುಷ್ಯನ ಆತ್ಮ, ಸ್ವರ್ಗದ ಪಟ್ಟಣ. ಮೊದಲ ಅರ್ಥ ಗಟ್ಟಿಯಾಗಿರುವವರೆಗೆ ಉಳಿದ ಮೂರರಿಂದ ಅಪಾಯ ಕಡಿಮೆ.

9. ಒಂದೇ ವಾಕ್ಯ, ಆಮೇಲೆ ಅನ್ವಯ

ಭಾಗ ಹೇಳುವುದನ್ನು ಇಪ್ಪತ್ತು ಪದಗಳೊಳಗೆ ಬರೆಯಿರಿ. ನಮ್ಮದು ಹೀಗಾಗಬಹುದು: ದಾರಿ ತಪ್ಪಿದ ಸಹೋದರನನ್ನು ಮರಳಿ ಪಡೆಯಲು ಹೆಜ್ಜೆಹೆಜ್ಜೆಯಾಗಿ ಹೋಗುವ ಸಭೆಯ ನಡುವೆ ಕ್ರಿಸ್ತನೇ ನಿಂತಿದ್ದಾನೆ. ಈ ವಾಕ್ಯವನ್ನು ಹಿಡಿದು ಆರೂ ವಚನಗಳಿಗೆ ಮರಳಿ ಹೋಗಿ. ಯಾವುದಾದರೂ ವಚನ ಹೊರಗುಳಿದರೆ ವಾಕ್ಯವನ್ನು ತಿದ್ದಬೇಕು, ವಚನವನ್ನಲ್ಲ. ಹಾಗಂತ ಚಿಕ್ಕ ಪ್ರಾರ್ಥನಾಕೂಟದಲ್ಲಿ ಕ್ರಿಸ್ತ ಇಲ್ಲವೆಂದಲ್ಲ. 19ರಲ್ಲಿ ಬೇಡಿಕೆಯ ಮಾತಿದೆ, 28:20 ಎಲ್ಲರಿಗೂ ಇದೆ. ಆದರೆ 18:20ರ ಮುಖ್ಯ ಭಾರ ಅಲ್ಲಿಲ್ಲ.

ಅನ್ವಯಕ್ಕೆ ಮೂರು ಪ್ರಶ್ನೆ ಕೇಳಿ. ಅಂದಿನ ಕೇಳುಗರಿಗೂ ನಮಗೂ ಯಾವುದು ಸಮಾನ? ಯಾವುದು ಬೇರೆ? ಬೇರೆಯಾದದ್ದರ ಹಿಂದಿನ ಕಾರಣ ಇಂದೂ ನಿಲ್ಲುತ್ತದೆಯೇ? 1 ಕೊರಿಂಥ 16:20ರ ಪವಿತ್ರ ಮುದ್ದನ್ನು ಬಹಳ ಸಭೆಗಳು ಕೈಮುಗಿಯುವುದಕ್ಕೋ ಕೈಕುಲುಕುವುದಕ್ಕೋ ಬದಲಿಸಿಕೊಂಡದ್ದು ಹೀಗೆ: ರೂಪ ಬದಲಾಯಿತು, ಒಂದೇ ಮನೆಯವರೆಂಬ ಗುರುತು ಉಳಿಯಿತು.

ಮತ್ತಾಯ 18ರ ಅನ್ವಯದಲ್ಲಿ ಭಾರೀ ಅನ್ಯಾಯ ನಡೆಯುವುದುಂಟು, ಅದನ್ನು ಬಿಡಿಸಿ ಹೇಳಬೇಕು. ದೌರ್ಜನ್ಯಕ್ಕೆ ಒಳಗಾದವರಿಗೆ ‘ಮೊದಲು ಅವನ ಹತ್ತಿರ ಒಬ್ಬಳೇ ಹೋಗಿ ಮಾತಾಡು, ಸತ್ಯವೇದ ಹಾಗೆ ಹೇಳುತ್ತದೆ’ ಎನ್ನುವುದು, ಪೊಲೀಸರಿಗೆ ಹೋಗದಂತೆ ತಡೆಯುವುದು. ಭಾಗದ ಎಲ್ಲೆಯನ್ನು ಸರಿಯಾಗಿ ಹಾಕಿದವರಿಗೆ ಇದು ಸಾಧ್ಯವೇ ಇಲ್ಲ. ಒಂಬತ್ತು ವಚನ ಹಿಂದೆ, 18:6ರಲ್ಲಿ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿದೆ. ಬಲವುಳ್ಳವನನ್ನು ಬಲವಿಲ್ಲದವರಿಂದ ಕಾಪಾಡಲು ಈ ಉಪದೇಶ ಹುಟ್ಟಲಿಲ್ಲ. ಇನ್ನೊಂದು ತುದಿಯಲ್ಲಿ, ಸಭಾಪಾಲಕರನ್ನು ಪ್ರಶ್ನಿಸಿದವನಿಗೆ 17ನ್ನು ಓದಿ ಬಹಿಷ್ಕಾರ ಹಾಕುವುದೂ ನಡೆಯುತ್ತದೆ, 15-16ರ ಹೆಜ್ಜೆಗಳನ್ನೇ ತುಳಿಯದೆ. 2 ಕೊರಿಂಥ 2:6-8ರಲ್ಲಿ ಪೌಲ ಶಿಕ್ಷೆ ಸಾಕು, ಕ್ಷಮಿಸಿ ಸಂತೈಸಿ ಎಂದು ಬರೆದದ್ದನ್ನು ಅಂಥವರು ತೆರೆಯುವುದೇ ಇಲ್ಲ.

ಗುಂಪಿನಲ್ಲಿ ಮಾಡುವುದಾದರೆ

ಆರರಿಂದ ಹತ್ತು ಜನ, ಒಂದೂವರೆ ಗಂಟೆ. ಅರ್ಧ ಹೊತ್ತು ಎರಡನೆಯ ಹಂತಕ್ಕೇ ಕೊಡಿ. ‘ನನಗೆ ಇದು ಏನು ಹೇಳುತ್ತದೆ’ ಎಂಬ ಪ್ರಶ್ನೆಯನ್ನು ಮೊದಲ ಮುಕ್ಕಾಲು ಗಂಟೆ ಯಾರೂ ಎತ್ತಬಾರದು. ಯಾರಾದರೂ ಬೇರೆ ವಚನಕ್ಕೆ ಹಾರಿದರೆ ಬರೆದಿಟ್ಟುಕೊಂಡು ಏಳನೆಯ ಹಂತದಲ್ಲಿ ತೆಗೆಯಿರಿ. ಧ್ಯಾನದ ಓದು ಬೇಕಾದವರು ಅದನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಲಿ. 12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೊ ಹೇಳಿದ ನಾಲ್ಕು ಮೆಟ್ಟಿಲು, ಅಂದರೆ ಓದು, ಮನನ, ಪ್ರಾರ್ಥನೆ, ಮೌನ ದರ್ಶನ, ನಾಲ್ಕೈದು ವಚನಗಳಿಗೆ ಇಪ್ಪತ್ತು ನಿಮಿಷ ಸಾಕು. ಅಧ್ಯಯನ ಮಾಡಿದ ಭಾಗದ ಮೇಲೆಯೇ ಅದನ್ನು ಮಾಡಿದರೆ ಮನಸ್ಸು ಅಂಕೆ ತಪ್ಪುವುದು ಕಡಿಮೆ.

ಕೊನೆಯದಾಗಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬಗೆಹರಿಯದ್ದನ್ನು ತಾರೀಕು ಹಾಕಿ ಬರೆಯಿರಿ. ನಮ್ಮ ಭಾಗದಿಂದ ಅಲ್ಲಿಗೆ ಹೋಗುವುದು 18ನೆಯ ವಚನದ ಕ್ರಿಯಾಪದ. ಗ್ರೀಕಿನಲ್ಲಿ ಅದು ‘ಪರಲೋಕದಲ್ಲಿ ಕಟ್ಟಲ್ಪಟ್ಟಿರುವುದು’ ಎಂಬಂತಿದೆ. ನಾವು ಕಟ್ಟಿದ್ದನ್ನು ಪರಲೋಕ ಒಪ್ಪುತ್ತದೆಯೋ, ಪರಲೋಕ ಮೊದಲೇ ಕಟ್ಟಿದ್ದನ್ನು ನಾವು ಇಲ್ಲಿ ಘೋಷಿಸುತ್ತೇವೆಯೋ ಎಂಬುದರಲ್ಲಿ ವ್ಯಾಖ್ಯಾನಕಾರರು ಇಂದಿಗೂ ಒಪ್ಪಿಲ್ಲ. 16:19ಕ್ಕೆ ಬಂದಾಗ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ, ಅಲ್ಲಿ ಏಕವಚನದಲ್ಲಿ, ಪೇತ್ರನೊಬ್ಬನಿಗೆ. ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿರಿ.